ಒಕ್ಕದ ಮೆದೆಗಳ ಮುಂದೆ

ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದಾಗ ಎರಡು ದಿನ ಬಿಡುವು ಮಾಡಿಕೊಂಡು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋದೆ. ಆ ಕಟ್ಟಡವನ್ನು ಸರಿಯಾಗಿ ನೋಡಲು ಎರಡು ತಿಂಗಳೂ ಸಾಲದು ಎಂದು ಮೊದಲ ದಿನವೇ ತಿಳಿದುಹೋಯಿತು. ಹಾಗಾಗಿ ಎರಡನೆಯ ದಿನ ಎಲ್ಲವನ್ನೂ ನೋಡುವ ಆಸೆ ಬಿಟ್ಟು, ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಚಿತ್ರಗಳಿರುವ ಕೋಣೆಗಳಲ್ಲಿ ಎರಡೇ ಚಿತ್ರಗಳ ನಡುವೆ ಓಡಾಡುತ್ತ ಕಳೆದೆ. ಒಂದು, ಫ್ರಾನ್ಸಿನ ಚಿತ್ರಕಾರ ಝಾಂ-ಫ್ರಾನ್ಸ್ವಾ ಮಿಲೆ ಸುಮಾರು 1874ರಲ್ಲಿ ಬರೆದ ‘ಮೆದೆಗಳು: ಶರತ್ಕಾಲ’. ಇನ್ನೊಂದು, ಕ್ಲೋದ್ ಮೊನೆ 1891ರಲ್ಲಿ ಬರೆದ ‘ಮೆದೆಗಳು: ಹಿಮ ಮತ್ತು ಬಿಸಿಲು’. ವಸ್ತು ಒಂದೇ, ದೇಶ ಒಂದೇ, ನಡುವೆ ಇರುವುದು ಹೆಚ್ಚೆಂದರೆ ಹದಿನೇಳು ವರ್ಷ. ಆದರೆ ಕಲೆಯ ಚರಿತ್ರೆಯ ಪುಸ್ತಕಗಳು ಮೊದಲನೆಯದನ್ನು ಹಳ್ಳಿಯಲ್ಲಿ ನೆಲೆಸಿ ಕಾಡು ಹೊಲಗಳನ್ನು ಬರೆದವರ ಬಾರ್ಬಿಝೋನ್ ಪಂಥದ ಅಧ್ಯಾಯದಲ್ಲಿಯೂ ಎರಡನೆಯದನ್ನು ಕ್ಷಣದ ಬೆಳಕನ್ನು ಹಿಡಿಯಲು ಹೊರಟವರ ಇಂಪ್ರೆಷನಿಸಂ ಅಧ್ಯಾಯದಲ್ಲಿಯೂ ಇಡುವುದರಿಂದ, ಇವೆರಡನ್ನೂ ಒಟ್ಟಿಗೆ ನೋಡುವ ಅವಕಾಶ ಓದುಗನಿಗೆ ಸಿಗುವುದು ಅಪರೂಪ.

ಮುಂದೆ ಹೋಗುವ ಮೊದಲು ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಇವೆರಡೂ ‘ಹೇಸ್ಟ್ಯಾಕ್ಸ್’ ಎಂದೇ ಪ್ರಸಿದ್ಧ. ಅದನ್ನು ಹಿಡಿದು ಕನ್ನಡದಲ್ಲಿ ಬರೆಯುವವರು ‘ಹುಲ್ಲಿನ ಬಣವೆ’ ಎಂದುಬಿಡುತ್ತಾರೆ. ನಾನೂ ಹಿಂದೊಮ್ಮೆ ಹಾಗೆ ಬರೆದವನೇ. ಆದರೆ ಈ ಚಿತ್ರಗಳಲ್ಲಿರುವುದು ದನಕ್ಕೆ ಹಾಕುವ ಒಣಹುಲ್ಲಲ್ಲ, ತೆನೆಯ ಸಮೇತ ಕೊಯ್ದು ಒಟ್ಟಿದ ಪೈರು. ಫ್ರೆಂಚಿನ ‘ಮ್ಯೋಲ್’ ಎಂಬ ಪದಕ್ಕೆ ಒಟ್ಟಿದ ರಾಶಿ ಎಂದಷ್ಟೇ ಅರ್ಥ, ಅದರೊಳಗೆ ಹುಲ್ಲೂ ಇರಬಹುದು, ಗೋಧಿಯೂ ಇರಬಹುದು. ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ತನ್ನಲ್ಲಿರುವ ಮೊನೆಯ ಇದೇ ಸರಣಿಯ ಚಿತ್ರಗಳನ್ನು ‘ಗೋಧಿಯ ರಾಶಿಗಳು’ ಎಂದೇ ಕರೆಯುತ್ತದೆ. ತುಮಕೂರಿನ ಕಡೆಯ ನಮ್ಮ ಮನೆಯಲ್ಲಿ ಈ ವ್ಯತ್ಯಾಸಕ್ಕೆ ಬೇರೆ ಬೇರೆ ಮಾತೇ ಇತ್ತು: ಕೊಯ್ದ ರಾಗಿಯನ್ನು ಸಿವುಡು ಕಟ್ಟಿ ತೆನೆಯ ಸಮೇತ ಒಟ್ಟಿದರೆ ಅದು ಮೆದೆ, ಕಣದಲ್ಲಿ ಒಕ್ಕುವ ಕಲ್ಲುಗುಂಡು ಹೊಡೆದು ಕಾಳು ಬೇರೆಯಾದ ಮೇಲೆ ಉಳಿದ ಹುಲ್ಲನ್ನು ಒಟ್ಟಿದರೆ ಅದು ಬಣವೆ. ಬೇರೆ ಸೀಮೆಗಳಲ್ಲಿ ಈ ಮಾತುಗಳು ಅದಲುಬದಲಾಗುತ್ತವೆ ಎಂಬುದು ಗೊತ್ತು. ಆದರೂ ಮೆದೆ ಎಂದರೆ ವರ್ಷದ ಅನ್ನ ಇನ್ನೂ ಒಳಗಿದೆ ಎಂದು, ಬಣವೆ ಎಂದರೆ ಅನ್ನ ಮನೆಗೆ ಬಂದಾಗಿದೆ ಎಂದು ಕೇಳಿದವರಿಗೆ ತಕ್ಷಣ ಅರ್ಥವಾಗುತ್ತಿತ್ತು. ಮೆದೆಗೆ ಬೆಂಕಿ ಬಿದ್ದರೆ ಊರೇ ಓಡಿಬರುತ್ತಿದ್ದದ್ದು ಬರಿಯ ಹುಲ್ಲಿಗಾಗಿ ಅಲ್ಲ. ಆದ್ದರಿಂದ ಈ ಬರಹದಲ್ಲಿ ಮೆದೆ ಎಂಬ ಮಾತನ್ನೇ ಬಳಸುತ್ತೇನೆ.

ಮಿಲೆಯ ಚಿತ್ರದಿಂದ ಶುರುಮಾಡೋಣ. ಅದು ಸುಮಾರು 85 ಸೆಂಟಿಮೀಟರ್ ಎತ್ತರ, 110 ಸೆಂಟಿಮೀಟರ್ ಅಗಲದ ಕ್ಯಾನ್ವಾಸು. ಮೋಡ ಕವಿದ ಆಕಾಶದ ಕೆಳಗೆ ಮೂರು ದೊಡ್ಡ ಮೆದೆಗಳು, ಮುಂದೆ ಕೂಳೆ ಹೊಲದಲ್ಲಿ ಮೇಯುತ್ತಿರುವ ಕುರಿಮಂದೆ, ಅವುಗಳ ನಡುವೆ ಒಬ್ಬ ಕುರಿಗಾಹಿ. ಹಿಂದೆ ಬಯಲು, ಅದರಾಚೆ ಬಾರ್ಬಿಝೋನ್ ಹಳ್ಳಿಯ ಮನೆಗಳ ಮಾಡು. ಆ ಬಯಲಿಗೆ ಪಕ್ಕದ ಊರಿನ ಹೆಸರು. ಫ್ರೆಂಚಿನಲ್ಲಿ ಉಚ್ಚರಿಸಿದಂತೆಯೇ ಕನ್ನಡದಲ್ಲಿ ಬರೆದರೆ ಅದು ‘ಶಾಯಿ’ ಎಂದಾಗುತ್ತದೆ, ಬರೆಯುವವನಿಗೆ ಸಂತೋಷ ಕೊಡುವ ಹೆಸರು. ಪ್ಯಾರಿಸ್‌ನಲ್ಲಿ ಕಾಲರಾ ಹರಡಿದ್ದ 1849ರಲ್ಲಿ ಮಿಲೆ ಸಂಸಾರ ಸಮೇತ ಬಾರ್ಬಿಝೋನ್‌ಗೆ ಬಂದ. 1875ರ ಜನವರಿಯಲ್ಲಿ ಸಾಯುವವರೆಗೂ ಅದೇ ಅವನ ಊರಾಯಿತು. ಫೋಂಟೆನ್‌ಬ್ಲೋ ಕಾಡಿನ ಅಂಚಿನಲ್ಲಿದ್ದ ಆ ಹಳ್ಳಿಗೆ ತೆಯೊಡೋರ್ ರೂಸೊನಂಥ ಚಿತ್ರಕಾರರು ಮರಗಳನ್ನು, ಕೆರೆಗಳನ್ನು, ಬೆಳಕನ್ನು ಹುಡುಕಿಕೊಂಡು ಬಂದಿದ್ದರೆ, ನಾರ್ಮಂಡಿಯ ರೈತರ ಮನೆಯಲ್ಲಿ 1814ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ತಾನೇ ಹೊಲದಲ್ಲಿ ದುಡಿದಿದ್ದ ಮಿಲೆಯ ಕಣ್ಣು ಕಾಡಿಗಿಂತ ಹೆಚ್ಚಾಗಿ ಹೋದದ್ದು ಹಳ್ಳಿಯ ಇನ್ನೊಂದು ಮಗ್ಗುಲಲ್ಲಿದ್ದ ಈ ಉಳುಮೆಯ ಬಯಲಿನ ಕಡೆಗೆ.

ಆ ಬಯಲನ್ನು ಅವನು ಮತ್ತೆ ಮತ್ತೆ ಬರೆದ. 1857ರ ‘ಹಕ್ಕಲಾಯುವವರು’ ಚಿತ್ರವನ್ನು ಅಚ್ಚಿನಲ್ಲಾದರೂ ನೋಡದವರು ಕಡಿಮೆ. ಕೊಯ್ಲಾದ ಹೊಲದಲ್ಲಿ ಬಿದ್ದ ಹಕ್ಕಲು ತೆನೆಗಳನ್ನು ಬಗ್ಗಿ ಆರಿಸುತ್ತಿರುವ ಮೂವರು ಬಡ ಹೆಂಗಸರು ಎದುರಿಗೆ ದೊಡ್ಡದಾಗಿ ಕಾಣುತ್ತಾರೆ. ಆ ಚಿತ್ರದಲ್ಲಿ ಎಲ್ಲರೂ ಹೆಂಗಸರನ್ನು ನೋಡುತ್ತಾರೆ. ನಾನು ಹೇಳುವುದು ಅವರ ಬೆನ್ನ ಹಿಂದೆ ದೂರದಲ್ಲಿ, ಹೊಂಬಿಸಿಲಿನಲ್ಲಿ, ಎತ್ತರವಾಗಿ ನಿಂತಿರುವ ಮೆದೆಗಳನ್ನು ಸ್ವಲ್ಪ ನೋಡಿ ಎಂದು. ಅಲ್ಲಿ ಗಾಡಿ ತುಂಬುತ್ತಿದೆ, ಆಳುಗಳು ತೆನೆ ಒಟ್ಟುತ್ತಿದ್ದಾರೆ, ಕುದುರೆಯ ಮೇಲೆ ಕುಳಿತ ಒಬ್ಬ ಮೇಲ್ವಿಚಾರಕ ಕಾಯುತ್ತಿದ್ದಾನೆ. ಮೆದೆ ಹೊಲದ ಒಡೆಯನದು, ಹಕ್ಕಲು ಮಾತ್ರ ಬಡವರ ಹಕ್ಕು. ಅದನ್ನು ನೋಡಿದ ಒಬ್ಬ ವಿಮರ್ಶಕನಿಗೆ 1793ರ ಕ್ರಾಂತಿಯ ಈಟಿಗಳೂ ವಧಾಸ್ತಂಭಗಳೂ ಕಣ್ಮುಂದೆ ಬಂದಿದ್ದವು ಎಂದರೆ, ಆ ದೂರದ ಮೆದೆಗಳಿಗೂ ಎದುರಿನ ಬಗ್ಗಿದ ಬೆನ್ನುಗಳಿಗೂ ನಡುವಿನ ಅಂತರ ಪ್ಯಾರಿಸ್‌ನ ಜನರಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಹದಿನೇಳು ವರ್ಷಗಳ ನಂತರದ ‘ಶರತ್ಕಾಲ’ದಲ್ಲಿ ಮೆದೆಗಳು ದೂರದಿಂದ ಎದ್ದು ಮುಂದಕ್ಕೆ ಬಂದಿವೆ. ಹಕ್ಕಲಾಯುವವರೂ ಹೊರಟುಹೋಗಿದ್ದಾರೆ. ಅವರು ಆರಿಸಿ ಬಿಟ್ಟದ್ದನ್ನು ಈಗ ಕುರಿಗಳು ಆರಿಸುತ್ತಿವೆ. ಕೊಯ್ಲಾದ ಹೊಲಕ್ಕೆ ಮೊದಲು ಆಳು, ಆಮೇಲೆ ಹಕ್ಕಲಾಯುವವರು, ಕೊನೆಗೆ ಕುರಿ ಎಂಬ ಕ್ರಮವನ್ನು ಯಾರೂ ವಿವರಿಸದೆಯೇ ಚಿತ್ರ ಹೇಳಿಬಿಡುತ್ತದೆ. ಈ ಕ್ರಮ ನಮಗೇನೂ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಕುರುಬರು ಮಂದೆಯನ್ನು ಹೊಲದಿಂದ ಹೊಲಕ್ಕೆ ಅಟ್ಟಿಕೊಂಡು ಬರುವುದನ್ನು, ಹಿಕ್ಕೆಯ ಗೊಬ್ಬರಕ್ಕಾಗಿ ರೈತ ತನ್ನ ಹೊಲದಲ್ಲಿ ರಾತ್ರಿ ಕುರಿ ತರುಬಿಸುವುದನ್ನು ನೋಡಿ ಬೆಳೆದವನಿಗೆ ಆ ಕುರಿಗಳು ಅಲಂಕಾರಕ್ಕೆ ಇಟ್ಟವಲ್ಲ ಎಂಬುದು ಗೊತ್ತಾಗುತ್ತದೆ. ಮಿಲೆಯದೇ ಇನ್ನೊಂದು ಚಿತ್ರದಲ್ಲಿ, ಬಾಲ್ಟಿಮೋರ್‌ನ ವಾಲ್ಟರ್ಸ್ ಸಂಗ್ರಹದಲ್ಲಿರುವ ‘ಕುರಿದೊಡ್ಡಿ, ಬೆಳದಿಂಗಳು’ ಎಂಬುದರಲ್ಲಿ, ಇದೇ ಬಯಲಿನಲ್ಲಿ ರಾತ್ರಿ ಕುರಿಗಳನ್ನು ದೊಡ್ಡಿಗೆ ತುಂಬುವ ಕೆಲಸವಿದೆ.

ಈ ಚಿತ್ರವನ್ನು ಬರೆಸಿದವನು ಮಾತ್ರ ರೈತನಲ್ಲ. ಅಲ್ಸಾಸ್‌ನ ಕೈಗಾರಿಕೋದ್ಯಮಿ ಫ್ರೆಡೆರಿಕ್ ಹಾರ್ಟ್‌ಮನ್ 1868ರಲ್ಲಿ ನಾಲ್ಕು ಋತುಗಳ ನಾಲ್ಕು ಚಿತ್ರ ಬೇಕೆಂದು ಮಿಲೆಗೆ ಕೇಳಿಕೊಂಡಿದ್ದ. ಏಳು ವರ್ಷ ಮಿಲೆ ಅವುಗಳನ್ನು ಬಿಟ್ಟು ಬಿಟ್ಟು ಬರೆದ. ನಡುವೆ ಪ್ರಷ್ಯದ ಯುದ್ಧ ಬಂತು, ಅವನು ಬಾರ್ಬಿಝೋನ್ ಬಿಟ್ಟು ಶೆರ್‌ಬುರ್ಗ್‌ಗೆ ಹೋಗಿ ಇರಬೇಕಾಯಿತು, ಆರೋಗ್ಯ ಕೆಟ್ಟಿತು. ‘ವಸಂತ’ ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ, ‘ಬೇಸಿಗೆ’ ಬಾಸ್ಟನ್‌ನಲ್ಲಿದೆ. ‘ಚಳಿಗಾಲ’ ಮುಗಿಯಲೇ ಇಲ್ಲ, ಅದು ಕಾರ್ಡಿಫ್‌ನಲ್ಲಿದೆ. ಋತುಚಕ್ರವನ್ನು ನಾಲ್ಕು ಚಿತ್ರಗಳಲ್ಲಿ ಹಿಡಿಯುವುದು ಯೂರೋಪಿನಲ್ಲಿ ಹಳೆಯ ಪದ್ಧತಿ. ಪ್ರಾರ್ಥನಾ ಪುಸ್ತಕಗಳಲ್ಲಿ ತಿಂಗಳಿಗೊಂದು ಕೃಷಿಕೆಲಸ ಬರೆಯುತ್ತಿದ್ದ ಕಾಲದಿಂದಲೂ ಬಂದದ್ದು. ಆ ಹಳೆಯ ಚೌಕಟ್ಟಿನಲ್ಲಿ ಕಾಲ ಎಂದರೆ ತಿಂಗಳುಗಳು, ಮಾಸಕ್ಕೆ ತಕ್ಕ ಕೆಲಸ. ಮಿಲೆಯ ‘ಶರತ್ಕಾಲ’ದಲ್ಲಿ ಗಂಟೆ ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಮಧ್ಯಾಹ್ನವೂ ಇರಬಹುದು, ಸಂಜೆಯೂ ಇರಬಹುದು. ಯಾವ ತಿಂಗಳು, ಯಾವ ಕೆಲಸ ಮುಗಿದಿದೆ, ಯಾವುದು ಬಾಕಿ ಎಂದು ಕೇಳಿದರೆ ಪಂಚಾಂಗ ನೋಡಿದಷ್ಟು ಸ್ಪಷ್ಟ.

ಮೊನೆಯ ಚಿತ್ರ ಇದ್ದದ್ದು ಬೇರೊಂದು ಕೋಣೆಯಲ್ಲಿ, ಅಲ್ಲಿ ಜನವೂ ಹೆಚ್ಚು. ಇದು ಸಣ್ಣದು, 65 ಸೆಂಟಿಮೀಟರ್ ಎತ್ತರ, 92 ಸೆಂಟಿಮೀಟರ್ ಅಗಲ. ಎರಡೇ ಮೆದೆಗಳು, ಒಂದು ದೊಡ್ಡದು, ಒಂದು ಅದರ ಹಿಂದೆ ಸಣ್ಣದಾಗಿ ಕಾಣುವಂಥದ್ದು. ನೆಲದ ತುಂಬ ಹಿಮ, ಮೆದೆಗಳ ಶಂಕುವಿನಾಕಾರದ ಹೊದಿಕೆಯ ಮೇಲೂ ಹಿಮ. ಹಿನ್ನೆಲೆಯಲ್ಲಿ ಮರಗಳು, ರೈತರ ಮನೆಗಳು, ಗುಡ್ಡದ ಸಾಲು, ಎಲ್ಲವೂ ಅಡ್ಡಡ್ಡ ಪಟ್ಟಿಗಳಾಗಿ ಒಂದರ ಮೇಲೊಂದು. ಕುರಿಯಿಲ್ಲ, ಕುರಿಗಾಹಿಯಿಲ್ಲ, ಹಿಮದ ಮೇಲೆ ಹೆಜ್ಜೆಯ ಗುರುತೂ ಕಾಣಲಿಲ್ಲ.

ಜೊತೆಗೆ ಬಂದಿದ್ದ ಮಗಳು ಒಂದು ನಿಮಿಷ ನೋಡಿ, “ಅಪ್ಪಾ, ಇದರಲ್ಲಿ ಏನೂ ನಡೀತಾನೇ ಇಲ್ವಲ್ಲ?” ಎಂದಳು. ಅವಳ ಮಾತು ನಿಜ, ಆದರೆ ಆ ಏನೂ ನಡೆಯದ ಹೊಲದ ಮುಂದೆ ಮೊನೆ ಒಂದು ಇಡೀ ಚಳಿಗಾಲವನ್ನು ಕಳೆದಿದ್ದ. 1883ರಿಂದ ಅವನು ಸೀನ್ ನದಿಯ ದಡದ ಜಿವೆರ್ನಿಯಲ್ಲಿ ಬಾಡಿಗೆಗೆ ಇದ್ದ. 1890ರಲ್ಲಿ ಆ ಮನೆಯನ್ನೇ ಕೊಂಡುಕೊಂಡ. ಮೆದೆಗಳಿದ್ದದ್ದು ಮನೆಯ ಹತ್ತಿರದ ಹೊಲದಲ್ಲಿ. ಹದಿನೈದು, ಇಪ್ಪತ್ತು ಅಡಿ ಎತ್ತರದ ಆ ರಾಶಿಗಳನ್ನು ಮಳೆ ಹಿಮ ಒಳಗಿಳಿಯದಂತೆ ಮೇಲೆ ಹೊದಿಸಿ ಚಳಿಗಾಲವಿಡೀ ಹೊಲದಲ್ಲಿಯೇ ಬಿಡುತ್ತಿದ್ದರು. ಕಾರಣ ಸರಳ: ಒಕ್ಕಣೆಯ ಯಂತ್ರ ಎಲ್ಲ ರೈತರ ಹತ್ತಿರ ಇರುತ್ತಿರಲಿಲ್ಲ, ಅದು ಊರಿಂದ ಊರಿಗೆ ತಿರುಗುತ್ತಿತ್ತು, ತಮ್ಮ ಸರದಿ ಬರುವವರೆಗೆ ತೆನೆಯನ್ನು ಕಾಪಾಡಬೇಕಿತ್ತು. ಒಕ್ಕಣೆಗೆ ಪುರುಸೊತ್ತಾಗುವವರೆಗೆ ರಾಗಿಯ ಮೆದೆ ತಿಂಗಳುಗಟ್ಟಲೆ ಕಣದ ಅಂಚಿನಲ್ಲಿ ಕಾಯುತ್ತಿದ್ದದ್ದನ್ನು ನಾನು ಕಂಡಿದ್ದರಿಂದಲೋ ಏನೋ, ಮೊನೆಯ ಹಿಮದ ಕೆಳಗಿನ ಗೋಧಿಯನ್ನು ಮರೆತು ಬರಿಯ ಬಣ್ಣವನ್ನು ನೋಡುವುದು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ಮೊನೆ ನೋಡಬೇಕೆಂದು ಬಯಸಿದ್ದು ಅದನ್ನಲ್ಲ ಎಂಬುದೂ ಗೊತ್ತಿತ್ತು.

ಅವನು ಬಯಸಿದ್ದು ಏನೆಂಬುದನ್ನು 1890ರ ಅಕ್ಟೋಬರಿನಲ್ಲಿ ತನ್ನ ಗೆಳೆಯ, ವಿಮರ್ಶಕ ಗುಸ್ತಾವ್ ಜೆಫ್ರುವಾಗೆ ಬರೆದ ಕಾಗದದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಮೆದೆಗಳ ಮೇಲಿನ ಬೇರೆ ಬೇರೆ ಪರಿಣಾಮಗಳ ಸರಣಿಯೊಂದರಲ್ಲಿ ಹೆಣಗುತ್ತಿದ್ದೇನೆ, ಆದರೆ ಈ ದಿನಗಳಲ್ಲಿ ಸೂರ್ಯ ಎಷ್ಟು ಬೇಗ ಇಳಿಯುತ್ತಾನೆಂದರೆ ಅವನ ಹಿಂದೆ ಓಡಲು ನನ್ನಿಂದಾಗುತ್ತಿಲ್ಲ ಎಂಬುದು ಅದರ ತಾತ್ಪರ್ಯ. ತಾನು ಹುಡುಕುತ್ತಿರುವುದು ಆ ಕ್ಷಣವನ್ನು, ಎಲ್ಲದರ ಮೇಲೂ ಒಂದೇ ಸಮನಾಗಿ ಹರಡಿ ವಸ್ತುಗಳನ್ನು ಸುತ್ತಿಕೊಂಡಿರುವ ಬೆಳಕಿನ ಹೊದಿಕೆಯನ್ನು, ಎಂದೂ ಅವನು ಅದರಲ್ಲಿ ಬರೆದ. ಬೆಳಕು ಬದಲಾದಂತೆಲ್ಲ ಇನ್ನೊಂದು ಕ್ಯಾನ್ವಾಸು ತರಲು ಮಲಮಗಳು ಬ್ಲಾಂಶ್‌ಳನ್ನು ಮನೆಗೆ ಓಡಿಸುತ್ತಿದ್ದ ಕಥೆ ಎಲ್ಲರಿಗೂ ಪ್ರಿಯವಾದದ್ದು. ಹೀಗೆ ಎರಡು ಎಂದು ಶುರುವಾದದ್ದು ಸುಮಾರು ಮೂವತ್ತರ ಹತ್ತಿರಕ್ಕೆ ಹೋಯಿತು. 1891ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ದ್ಯುರಾಂ-ರ್ಯುಯೆಲ್ ಗ್ಯಾಲರಿಯ ಒಂದು ಸಣ್ಣ ಕೋಣೆಯಲ್ಲಿ ಹದಿನೈದು ಮೆದೆಗಳನ್ನು ಅಕ್ಕಪಕ್ಕ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಎಲ್ಲವೂ ಮಾರಾಟವಾದವು. ಮಿಲೆಗೆ ಕಾಲದ ಅಳತೆ ಋತುವಾದರೆ, ಮೊನೆಗೆ ಅದು ನೆರಳು ಒಂದು ಗೇಣು ಸರಿಯುವಷ್ಟು ಹೊತ್ತು.

ಇಲ್ಲಿಯವರೆಗೆ ಹೇಳಿದ್ದು ಹೊಸದೇನಲ್ಲ. ಮಿಲೆ ದುಡಿಮೆಯನ್ನು ಬರೆದ, ಮೊನೆ ಬೆಳಕನ್ನು ಬರೆದ. ಮಿಲೆ ನಿಧಾನಿ, ಮೊನೆ ಕ್ಷಣವನ್ನು ಹಿಡಿದವ. ಇದನ್ನು ನಾನೂ ಹಲವು ಸಲ ಓದಿದ್ದೆ, ಒಪ್ಪಿಯೂ ಇದ್ದೆ. ಅಚ್ಚಾದ ಚಿತ್ರಗಳಲ್ಲಿ ನೋಡಿದರೆ ಹಾಗೆಯೇ ಕಾಣುತ್ತದೆ ಕೂಡ. ಆದರೆ ಎರಡೂ ಕ್ಯಾನ್ವಾಸುಗಳ ಹತ್ತಿರಕ್ಕೆ ಮೂಗು ತಾಗುವಷ್ಟಲ್ಲದಿದ್ದರೂ ಕಾವಲಿನವರು ಒಪ್ಪುವಷ್ಟು ಹತ್ತಿರಕ್ಕೆ ಹೋಗಿ ನಿಂತಾಗ ಕಂಡದ್ದು ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು.

ಮಿಲೆಯ ಚಿತ್ರದಲ್ಲಿ ಬಣ್ಣ ತೆಳುವಾಗಿದೆ. ಕ್ಯಾನ್ವಾಸಿಗೆ ಮೊದಲು ಬಳಿಯುವ ತಳದ ಬಣ್ಣ ಇಲ್ಲಿ ಮಬ್ಬು ನೇರಳೆ ಬೆರೆತ ಗುಲಾಬಿ. ಅದನ್ನು ಪೂರ್ತಿ ಮುಚ್ಚುವ ಪ್ರಯತ್ನವನ್ನೇ ಅವನು ಮಾಡಿಲ್ಲ. ಅಲ್ಲಲ್ಲಿ ಹಾಗೆಯೇ ಬಯಲಾಗಿ ಬಿಟ್ಟಿದ್ದಾನೆ, ಮತ್ತು ಬೇಕೆಂದೇ ಬಿಟ್ಟಿದ್ದಾನೆ. ಮೆದೆಗಳ ಅಂಚಿನಲ್ಲಿ, ಕುರಿಗಳ ಬೆನ್ನಿನ ಮೇಲೆ, ಮೊದಲು ಎಳೆದ ರೇಖೆಗಳು ಅಳಿಯದೆ ಉಳಿದಿವೆ. ಒಂದು ಕುರಿಯನ್ನು ನೋಡಿದೆ: ತಲೆಯ ಹತ್ತಿರ ಒಂದು ಗೀಟು, ಬೆನ್ನಿಗೆ ಇನ್ನೊಂದು, ನಡುವೆ ಮಾಸಿದ ಬಣ್ಣದ ಎರಡು ಮೂರು ಕುಂಚದೆಳೆತ, ಹೊಟ್ಟೆಯ ಕೆಳಗೆ ತಳದ ಗುಲಾಬಿಯೇ ನೆರಳು. ಎರಡು ಹೆಜ್ಜೆ ಹಿಂದೆ ಬಂದರೆ ಉಣ್ಣೆ ತುಂಬಿದ, ತಲೆ ತಗ್ಗಿಸಿ ಮೇಯುತ್ತಿರುವ ಪೂರ್ತಿ ಕುರಿ. ಮಿಲೆ ಹೊಲದಲ್ಲಿ ಈಸೆಲ್ ನೆಟ್ಟುಕೊಂಡು ಬರೆದವನಲ್ಲ. ಟಿಪ್ಪಣಿಯಂಥ ಸಣ್ಣ ರೇಖಾಚಿತ್ರಗಳಿಂದ, ಹೆಚ್ಚಾಗಿ ನೆನಪಿನಿಂದ, ಒಳಗೆ ಕುಳಿತು ಬರೆಯುತ್ತಿದ್ದ. ಆದರೂ ಇಡೀ ಚಿತ್ರಕ್ಕೆ ಒಂದೇ ಉಸಿರಿನಲ್ಲಿ ಬರೆದ ಕರಡಿನ ಗುಣವಿದೆ. ಜೀವಮಾನವಿಡೀ ಮನುಷ್ಯರ ಆಕೃತಿಗಳನ್ನು ಕಲ್ಲಿನಲ್ಲಿ ಕಡೆದಂತೆ ಗಟ್ಟಿಯಾಗಿ ಬರೆದವನು ಕೊನೆಗಾಲದಲ್ಲಿ ಇಷ್ಟು ಸಡಿಲವಾದದ್ದನ್ನು ನೋಡಿದರೆ, ಅಭ್ಯಾಸವಾದ ಕೈ ಎಲ್ಲವನ್ನೂ ಹೇಳುವ ಅಗತ್ಯ ಕಾಣದೆ ಸುಮ್ಮನಾದಂತೆ ನನಗೆ ಅನಿಸಿತು.

ಮೊನೆಯ ಚಿತ್ರದ ಮೇಲ್ಮೈ ಇದಕ್ಕೆ ವಿರುದ್ಧ. ಅಲ್ಲಿ ಬಣ್ಣ ದಪ್ಪಗೆ ಕೂತಿದೆ. ಪಕ್ಕದಿಂದ, ದೀಪದ ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿದರೆ, ಹಿಮದ ಮೇಲೆ ಕುಂಚದ ಏಣುಗಳು ಗಾರೆ ಮೆತ್ತಿದ ಗೋಡೆಯಂತೆ ಎದ್ದು ಕಾಣುತ್ತವೆ. ಕೆಳಗೆ ಒಣಗಿದ ಒಂದು ಪದರ, ಅದರ ಉಬ್ಬುಗಳ ಮೇಲೆ ಬೇರೊಂದು ಬಣ್ಣದ ಪದರ, ಅದರ ಮೇಲೆ ಇನ್ನೊಂದು. ಬಿಳಿ ಎಂದುಕೊಂಡ ಹಿಮದಲ್ಲಿ ಬಿಸಿಲು ಬಿದ್ದಲ್ಲಿ ಕೆನೆಬಣ್ಣ ಮತ್ತು ತಿಳಿಗುಲಾಬಿ, ನೆರಳಿನಲ್ಲಿ ನೀಲಿ ಮತ್ತು ನೇರಳೆ. ಕಂದು ಎಂದುಕೊಂಡ ಮೆದೆಯ ಮೈಯಲ್ಲಿ ಕೆಂಪು, ಕಿತ್ತಳೆ, ಮತ್ತೆ ನೇರಳೆ. ಎಣ್ಣೆಬಣ್ಣದ ದಪ್ಪ ಪದರವೊಂದು ಒಣಗಲು ದಿನಗಳೇ ಬೇಕು. ಒಣಗಿದ ಏಣಿನ ಮೇಲೆ ಮತ್ತೊಂದು ಬಣ್ಣ ಹೀಗೆ ಕಲಸಿಹೋಗದೆ ಕೂರಬೇಕಾದರೆ ಚಿತ್ರಕಾರ ಮತ್ತೆ ಮತ್ತೆ ಹಿಂದಿರುಗಿ ಬಂದಿದ್ದಾನೆ ಎಂದೇ ಅರ್ಥ. ಮೊನೆ ಈ ಚಿತ್ರಗಳನ್ನು ಹೊಲದಲ್ಲಿ ಆರಂಭಿಸಿ, ಆಮೇಲೆ ಒಳಗೆ ತಂದು, ಒಂದರ ಪಕ್ಕ ಇನ್ನೊಂದನ್ನು ಇಟ್ಟು, ಒಟ್ಟು ಸರಣಿಗೆ ಹೊಂದುವಂತೆ ಬಹಳ ಕಾಲ ತಿದ್ದಿದ. ಸೂರ್ಯನ ಹಿಂದೆ ಓಡಲಾಗುತ್ತಿಲ್ಲ ಎಂದು ಗೊಣಗಿದವನು ಸೂರ್ಯ ಹೋದ ಮೇಲೂ ವಾರಗಟ್ಟಲೆ ಅದೇ ನೆರಳನ್ನು ಬರೆಯುತ್ತಿದ್ದ.

ಅಂದರೆ, ತಿಂಗಳುಗಳ ಕಾಲವನ್ನು ಹೇಳುವ ಚಿತ್ರ ಬಿಟ್ಟುಬಿಟ್ಟು ಬರೆದ ಕರಡಿನಂತಿದೆ. ಕ್ಷಣವನ್ನು ಹೇಳುವ ಚಿತ್ರ ಪದರದ ಮೇಲೆ ಪದರ ಒಟ್ಟಿದ ಮೆದೆಯಂತಿದೆ. ಇಂಪ್ರೆಷನಿಸಂ ಎಂದರೆ ಅವಸರದ ಕೈ, ಬಾರ್ಬಿಝೋನ್ ಎಂದರೆ ತಾಳ್ಮೆಯ ಕೈ ಎಂಬ ನನ್ನ ತಿಳಿವಳಿಕೆ ಅಲ್ಲಿಯೇ ಕುಸಿಯಿತು. ಅವಸರ ಇದ್ದದ್ದು ಬಹುಶಃ ನನ್ನಂಥ ಓದುಗನಲ್ಲಿ. 1874ರ ಮೊದಲ ಇಂಪ್ರೆಷನಿಸ್ಟ್ ಪ್ರದರ್ಶನವನ್ನು ನೋಡಿ ‘ಇವು ಮುಗಿಸದ ಚಿತ್ರಗಳು’ ಎಂದು ನಕ್ಕವರ ಮಾತನ್ನೇ, ನಗು ತೆಗೆದು ಮೆಚ್ಚುಗೆ ಸೇರಿಸಿ, ಒಂದೂವರೆ ಶತಮಾನದ ನಂತರವೂ ನಾವು ಹೇಳುತ್ತಿದ್ದೇವೆ. ಆ ಪ್ರದರ್ಶನ ಪ್ಯಾರಿಸ್‌ನಲ್ಲಿ ನಡೆಯುತ್ತಿದ್ದ ಹೊತ್ತಿಗೆ, ಅರವತ್ತು ಕಿಲೋಮೀಟರಿನಷ್ಟು ದೂರದ ಬಾರ್ಬಿಝೋನ್‌ನಲ್ಲಿ, ಸಾವಿಗೆ ಕೆಲವೇ ತಿಂಗಳು ಇದ್ದ ಮಿಲೆ, ಯಾರ ಪಂಥಕ್ಕೂ ಸೇರುವ ಉಮೇದಿಲ್ಲದೆ, ತಳದ ಬಣ್ಣವನ್ನು ಬಯಲಾಗಿ ಬಿಟ್ಟು ಈ ಮೆದೆಗಳನ್ನು ಬರೆಯುತ್ತಿದ್ದ.

ಹಾಗೆಂದು ಎರಡೂ ಒಂದೇ ಎನ್ನುವಂತಿಲ್ಲ. ಮಿಲೆಯ ಮೆದೆ ಯಾರದೋ ಮೆದೆ. ಅದು ಭಾರವಾಗಿದೆ, ಕುರಿಗಾಹಿಯನ್ನು ಸಣ್ಣವನನ್ನಾಗಿ ಮಾಡುತ್ತದೆ, ಅದರ ಹಿಂದೆ ಕಾಣುವ ಮನೆಗಳಿಗೂ ಅದಕ್ಕೂ ಲೆಕ್ಕಾಚಾರವಿದೆ. ಮೊನೆಯ ಮೆದೆಗೆ ಒಡೆಯನಿಲ್ಲ. ಇದ್ದರೂ ಚಿತ್ರದಲ್ಲಿ ಅದು ಲೆಕ್ಕಕ್ಕಿಲ್ಲ. ಈ ವಿಷಯದಲ್ಲಿ ನನ್ನ ಮನಸ್ಸು ಮಿಲೆಯ ಕಡೆಗೇ ವಾಲುತ್ತದೆ ಎಂದು ಒಪ್ಪಿಕೊಳ್ಳಬೇಕು. ಮೊನೆಯ ಮೆದೆಗಳ ಸರಣಿಯನ್ನು ಫ್ರಾನ್ಸಿನ ನೆಲದ ಸಮೃದ್ಧಿಯ ಸಂಕೇತವೆಂದು ಓದುವ ವಿದ್ವಾಂಸರಿದ್ದಾರೆ. ಆ ಹೊಲದಲ್ಲಿ ಅಷ್ಟೊಂದು ಗೋಧಿ ನಿಂತಿರುವಾಗ ಹಾಗೆ ಓದುವುದು ತಪ್ಪಲ್ಲ, ಆದರೆ ಆ ಸಮೃದ್ಧಿಯನ್ನು ಒಟ್ಟಿದ ಕೈಗಳು ಸುಮಾರು ಮೂವತ್ತು ಚಿತ್ರಗಳಲ್ಲಿ ಒಂದರಲ್ಲಿಯೂ ಬರುವುದಿಲ್ಲ ಎಂಬುದು ನನ್ನನ್ನು ಕೊರೆಯುತ್ತಲೇ ಇರುತ್ತದೆ. ಇನ್ನೊಂದು ಕಡೆ, ಮನುಷ್ಯರನ್ನು ತೆಗೆದುಹಾಕಿದ್ದರಿಂದಲೇ ಮೊನೆಗೆ ನೆರಳು ನೀಲಿ ಎಂಬುದನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ಹೇಳಲು ಸಾಧ್ಯವಾಯಿತು ಎಂಬುದೂ ನಿಜ. ಒಬ್ಬ ಕುರಿಗಾಹಿ ಆ ಹಿಮದಲ್ಲಿ ನಿಂತಿದ್ದರೆ ನಾವು ಅವನ ಚಳಿಯನ್ನು ನೋಡುತ್ತಿದ್ದೆವು, ನೆರಳನ್ನಲ್ಲ.

ಮಾಸ್ಕೋದಲ್ಲಿ 1896ರಲ್ಲಿ ನಡೆದ ಫ್ರೆಂಚ್ ಚಿತ್ರಗಳ ಪ್ರದರ್ಶನದಲ್ಲಿ ಮೊನೆಯ ಒಂದು ಮೆದೆಯ ಮುಂದೆ ನಿಂತ, ಆಮೇಲೆ ಅಮೂರ್ತ ಚಿತ್ರಗಳಿಗೆ ಹೆಸರಾದ ರಷ್ಯದ ಕಾಂಡಿನ್‌ಸ್ಕಿಗೆ, ಆಗ ಅವನಿಗೆ ಮೂವತ್ತರ ಹತ್ತಿರ, ಅದು ಏನೆಂದೇ ತಿಳಿಯಲಿಲ್ಲ. ಪ್ರದರ್ಶನದ ಚಿತ್ರಗಳ ಪಟ್ಟಿ ತೆರೆದು ನೋಡಿದ ಮೇಲೆ ಅದು ಮೆದೆ ಎಂದು ಗೊತ್ತಾಯಿತು. ಗುರುತೇ ಹತ್ತದಂತೆ ಬರೆಯುವ ಹಕ್ಕು ಚಿತ್ರಕಾರನಿಗಿಲ್ಲ ಎಂದು ಮೊದಲು ಸಿಟ್ಟು ಬಂದು, ಆಮೇಲೆ ಆ ಚಿತ್ರ ಬಿಡದೆ ನೆನಪಿನಲ್ಲಿ ಉಳಿದುಬಿಟ್ಟಿತು ಎಂದು ಅವನು ಮುಂದೆ ತನ್ನ ನೆನಪುಗಳಲ್ಲಿ ಬರೆದುಕೊಂಡ. ಚಿತ್ರಕ್ಕೆ ವಸ್ತುವೇ ಬೇಡವೇನೋ ಎಂಬ ಅನುಮಾನ ಅವನಲ್ಲಿ ಮೊಳೆತದ್ದು ಆಗ. ಆಧುನಿಕ ಕಲೆಗೆ ಇದು ದೊಡ್ಡ ಘಟನೆ ಎಂಬುದರಲ್ಲಿ ಅನುಮಾನವಿಲ್ಲ. ನನಗೆ ನಗು ಬರುವುದು ಇನ್ನೊಂದು ಕಾರಣಕ್ಕೆ: ತೆನೆ ಒಟ್ಟಿದ ಯಾವ ರೈತನನ್ನು ಆ ಚಿತ್ರದ ಮುಂದೆ ನಿಲ್ಲಿಸಿದ್ದರೂ ಪಟ್ಟಿಯ ಸಹಾಯವಿಲ್ಲದೆ ಇದು ಮೆದೆ, ಇದರ ಹೊದಿಕೆ ಇಂಥ ಕಡೆ ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದ. ಗುರುತು ಹತ್ತುವುದು ಚಿತ್ರಕಾರನ ಕೈಯಲ್ಲಿರುವಷ್ಟೇ ನೋಡುವವನ ಊರಿನಲ್ಲಿಯೂ ಇರುತ್ತದೆ.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಮಿಲೆಯ ಮೆದೆಯನ್ನು ಬರೆಸಿದವನು ಉದ್ಯಮಿ. ಮೊನೆಯ ಈ ಮೆದೆ 1929ರಲ್ಲಿ ಮ್ಯೂಸಿಯಂಗೆ ಬಂದದ್ದು ಅಮೆರಿಕದ ಸಕ್ಕರೆ ಉದ್ಯಮದ ಹ್ಯಾವ್‌ಮೇಯರ್ ಮನೆತನದ ಉಯಿಲಿನಿಂದ. 2019ರ ಮೇ ತಿಂಗಳಲ್ಲಿ ಇದೇ ಸರಣಿಯ ಇನ್ನೊಂದು ಚಿತ್ರ ನ್ಯೂಯಾರ್ಕಿನ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಆ ಹಣಕ್ಕೆ ಜಿವೆರ್ನಿಯ ಎಷ್ಟು ಸುಗ್ಗಿಯ ಗೋಧಿ ಬರುತ್ತಿತ್ತು ಎಂದು ಲೆಕ್ಕ ಹಾಕಲು ಕುಳಿತ ಮಗಳನ್ನು ನಾನೇ ತಡೆದೆ.

ಮುಚ್ಚುವ ಹೊತ್ತಾಗುತ್ತಿದೆ ಎಂದು ಹೇಳಿದಾಗ ಮೊನೆಯ ಕೋಣೆಯಲ್ಲಿದ್ದೆ. ಹೊರಗೆ ಹೋಗುವ ದಾರಿಗೆ ತಿರುಗದೆ, ಮಗಳು ಗೊಣಗಿದರೂ ಕೇಳದೆ, ಮತ್ತೊಮ್ಮೆ ಮಿಲೆಯ ಹತ್ತಿರ ಹೋದೆ. ಹಿಮದ ನೀಲಿ ನೆರಳುಗಳನ್ನು ಅಷ್ಟು ಹೊತ್ತು ನೋಡಿ ಬಂದ ಕಣ್ಣಿಗೆ ಈ ಸಲ ಮೊದಲು ಬಿದ್ದದ್ದು ಮೆದೆಯೂ ಅಲ್ಲ, ಕುರಿಯೂ ಅಲ್ಲ. ಕುರಿಗಳ ಕಾಲುಗಳ ನಡುವೆ, ಕೂಳೆಯ ಸಂದಿನಲ್ಲಿ, ಮಿಲೆ ಮುಚ್ಚದೆ ಬಿಟ್ಟಿದ್ದ ತಳದ ಬಣ್ಣ. ಮಬ್ಬಾಗಿ, ತೆಳುವಾಗಿ, ಆದರೆ ಈಗಷ್ಟೇ ನೋಡಿ ಬಂದ ಮೊನೆಯ ನೆರಳಿನ ಹತ್ತಿರದ್ದೇ ಆದ ನೇರಳೆ.